ಹನ್ನೆರಡರ ಮಂಗಳಾರತಿ

“ರಾಯರೇ, ರಾಮನವಮಿ ದಿನ ಮಂಗಳಾರತಿ ಅರ್ಧ ಗಂಟೆ ಲೇಟ್ ಮಾಡೋಣ,” ಎಂದರು ಮೂರ್ತಿ.

ನಾನು ಕೈಗಡಿಯಾರ ನೋಡಿಕೊಂಡೆ. ಹ್ಯೂಸ್ಟನ್ ಅಂಚಿನ ನಮ್ಮ ಪುಟ್ಟ ದೇವಸ್ಥಾನಕ್ಕೆ ಮೂರ್ತಿ ಅಧ್ಯಕ್ಷರು. ಗಂಟೆ ಬಾರಿಸುವುದು ನನ್ನ ಡ್ಯೂಟಿ. (ಒಂಬತ್ತು ವರ್ಷದಲ್ಲಿ ಎರಡೇ ಸಲ ತಡವಾಗಿದೆ. ಎರಡೂ ಸಲ ಚಂಡಮಾರುತ.)

ಕಾರಣ? ಸಿಟಿ ಕೌನ್ಸಿಲ್ ಮೆಂಬರ್ ಬರುತ್ತಾರಂತೆ. ನಮ್ಮ ಪಾರ್ಕಿಂಗ್ ವಿಸ್ತರಣೆಯ ಪರ್ಮಿಟ್ ಅವರ ಮುಂದಿದೆ.

“ಅವರು ಬಂದ ಮೇಲೇ ಆರತಿ. ದೇವರು ಏನೂ ಅಂದುಕೊಳ್ಳಲ್ಲ ಬಿಡಿ. ಇವರು ಅಂದುಕೊಂಡರೆ ಕಷ್ಟ.”

ಪರ್ಮಿಟ್ ಬೇಕು, ನಿಜ. ಹಬ್ಬ ಬಂತೆಂದರೆ ನಮ್ಮ ವಯಸ್ಸಿನವರು ಎಲ್ಲೋ ಕಾರು ನಿಲ್ಲಿಸಿ ಬಿಸಿಲಲ್ಲಿ ಅರ್ಧ ಮೈಲಿ ನಡೆಯಬೇಕು. ಆದರೆ ಅದಕ್ಕೆ ರಾಮನನ್ನು ಕಾಯಿಸುವುದೆ?

ಮರುದಿನ ಆರು ಗಂಟೆಯ ವಾಕಿಂಗ್‌ನಲ್ಲಿ ಪಕ್ಕದ ಮನೆಯ ರಿಟೈರ್ಡ್ ಪಾಸ್ಟರ್‌ಗೆ ಹೇಳಿದೆ. ಅವರು ನಕ್ಕರು.

“ಆದಿ ಕ್ರೈಸ್ತರಿಗೂ ರೋಮಿನಲ್ಲಿ ಇದೇ ಪೇಚು. ಚಕ್ರವರ್ತಿಯ ಪ್ರತಿಮೆಗೆ ಒಂದು ಚಿಟಿಕೆ ಧೂಪ ಹಾಕಿ ಅಂದರು ಅಲ್ಲಿನ ಅಧಿಕಾರಿಗಳು, ಅಷ್ಟೇ.”

“ಹಾಕಿದರೆ?”

“ಹಾಕಿದವರು ಮನೆಗೆ ಹೋದರು. ಹಾಕದವರಲ್ಲಿ ಕೆಲವರು ಸಿಂಹಗಳ ಬಾಯಿಗೆ ಬಿದ್ದು ಪ್ರಾಣ ಬಿಟ್ಟರು.”

ಹಾಗಂತ ಅವರು ದಂಗೆಕೋರರಲ್ಲ, ಎಂದು ಪಾಸ್ಟರ್ ವಿವರಿಸಿದರು. ತೆರಿಗೆ ಕಟ್ಟಿದರು, ಕಾನೂನು ಪಾಲಿಸಿದರು. ಆಳುವವನಿಗೆ ಅಧಿಕಾರ ಕೊಟ್ಟವನೂ ದೇವರೇ ಎಂದು ನಂಬಿದ್ದರು. ಚಕ್ರವರ್ತಿ ಚೆನ್ನಾಗಿರಲಿ ಎಂದು ಪ್ರಾರ್ಥನೆಯನ್ನೂ ಮಾಡಿದರು. ದೇವರ ಜಾಗದಲ್ಲಿ ಮಾತ್ರ ಅವನನ್ನು ಕೂರಿಸಲಿಲ್ಲ.

“ನಿಮಗೇನು, ಸಿಂಹದ ಭಯವಿಲ್ಲ,” ಎಂದು ಪಾಸ್ಟರ್ ಕೆಣಕಿದರು.

“ನೀವು ನಮ್ಮ ಮೂರ್ತಿಯವರನ್ನು ನೋಡಿಲ್ಲ,” ಎಂದೆ.

ರಾಮನವಮಿ ಬೆಳಗ್ಗೆ ಆ ಮೆಂಬರ್ ಹೆಸರಲ್ಲಿ ಒಂದು ಅರ್ಚನೆ ಮಾಡಿಸಿದೆ. ಸರಿಯಾಗಿ ಹನ್ನೆರಡಕ್ಕೆ ಗಂಟೆ ಬಾರಿಸಿದೆ. ಅರ್ಚಕರು ಒಮ್ಮೆ ಮೂರ್ತಿಯವರ ಮುಖ ನೋಡಿದರು, ಒಮ್ಮೆ ನನ್ನದು. ಆರತಿ ಎತ್ತಿದರು.

ಮೆಂಬರ್ ಬಂದಾಗ ಹನ್ನೆರಡೂ ಇಪ್ಪತ್ತೈದು. ಬೆವರು ಒರೆಸಿಕೊಳ್ಳುತ್ತಾ, “ಮುಗಿದೇ ಹೋಯಿತೆ?” ಎಂದರು. ಮೂರ್ತಿ ಕ್ಷಮೆ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಪಾನಕದ ಲೋಟ ಕೊಟ್ಟು, “ನಿಮ್ಮ ಹೆಸರಲ್ಲಿ ಪೂಜೆ ಆಗಿದೆ. ಮುಂದಿನ ಆರತಿ ಸಂಜೆ ಆರೂವರೆಗೆ,” ಎಂದೆ.

ಅವರು ಪಾನಕ ಕುಡಿದರು. “ಕಾರು ನಿಲ್ಲಿಸೋದಕ್ಕೆ ಜಾಗವೇ ಇಲ್ಲವಲ್ಲ ಇಲ್ಲಿ? ಅರ್ಧ ಮೈಲಿ ನಡೆದೆ,” ಎಂದರು.

ಮೂರ್ತಿ ಮೆಲ್ಲಗೆ ಬಾಯಿ ಮುಚ್ಚಿಕೊಂಡರು.

ಪರ್ಮಿಟ್ ಇನ್ನೂ ಬಂದಿಲ್ಲ. ಆದರೆ ಆ ಸಂಜೆ ಆರು ಇಪ್ಪತ್ತಕ್ಕೆ ಮೆಂಬರ್ ಹೆಂಡತಿಯ ಜೊತೆ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರು.

ನಾವು ಕಾಯುತ್ತೇವೆಂದು ಗೊತ್ತಿದ್ದರೆ ಯಾರು ತಾನೆ ಟೈಮಿಗೆ ಬರುತ್ತಾರೆ?