ಹುರುಳಿ ಮೇಲೆ ಓಡಿದ ಕಾರು

ಕಾರಿನ ಅಡಿಭಾಗ ಮಾಡುವವನು ನಾನು. ಮದುವೆ ಮನೆಗಳಲ್ಲಿ ಯಾರಾದರೂ ಕೆಲಸ ಏನು ಎಂದು ಕೇಳಿದರೆ ಹೀಗೇ ಹೇಳುತ್ತೇನೆ. ಅವರು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಕಾರಿನ ಮೂತಿ ಮಾಡುವವನಿಗೆ, ದೀಪ ಮಾಡುವವನಿಗೆ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಅಡಿಭಾಗವನ್ನು ನೋಡುವವರು ಇಬ್ಬರೇ, ಒಬ್ಬ ಮೆಕ್ಯಾನಿಕ್, ಇನ್ನೊಂದು ನೆರಳಿಗೆ ಬಂದು ಮಲಗುವ ನಾಯಿ.

ನಾನು ಹೇಳುತ್ತಿರುವ ಕಾರು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ನಾಲ್ಕು ಬಾಗಿಲು, ಐದು ಸೀಟು, ಹಿಂದೆ ದೊಡ್ಡ ಡಿಕ್ಕಿ. ನಿಂತಾಗ ಸಂಸಾರಸ್ಥರ ಕಾರು, ಓಡುವಾಗ ರೇಸಿನದು. ಅದರ ರೂಪ ಬರೆದ ಡಿಸೈನರ್ ಜೇಡಿಮಣ್ಣಿನಲ್ಲಿ ಪೂರ್ತಿ ಅಳತೆಯ ಮಾದರಿ ಮಾಡಿಸಿ, ದಿನವಿಡೀ ಅದರ ಭುಜದ ಮೇಲೆ ಅಂಗೈ ಸವರುತ್ತಾ ಓಡಾಡುತ್ತಿದ್ದ. ಒಂದು ದಿನ ಬಂದು, ಕಾರು ಇನ್ನೂ ಎಂಟು ಮಿಲಿಮೀಟರ್ ತಗ್ಗಬೇಕು, ಇಲ್ಲದಿದ್ದರೆ ಚಪ್ಪಲಿ ಹಾಕಿಕೊಂಡು ನಿಂತ ಹಾಗೆ ಕಾಣುತ್ತದೆ ಅಂದ. ಎಂಟು ಮಿಲಿಮೀಟರ್ ಅಂದರೆ ನಿಮಗೆ ಒಂದು ಕಡಲೆಕಾಳಿನಷ್ಟು. ನಮಗೆ ಅದು ಎಂಟು ತಿಂಗಳ ಜಗಳ.

ಆ ಜಗಳ ಬಗೆಹರಿಸಿದ್ದು ನನ್ನ ನೆಲ, ಅಂದರೆ ನಾನು ಮಾಡಿದ ಅಡಿಭಾಗ. ಸಾಧಾರಣ ಕಾರಿನ ಕೆಳಗೆ ಬಗ್ಗಿ ನೋಡಿದರೆ ಪೈಪು, ಕಂಬಿ, ಗುಂಡಿ ಎಲ್ಲ ಬಯಲಲ್ಲೇ ಇರುತ್ತವೆ. ವೇಗ ಹೆಚ್ಚಿದಂತೆ ಗಾಳಿ ಅವಕ್ಕೆಲ್ಲ ಬಡಿದು ಕಾರನ್ನು ಮೇಲೆತ್ತಲು ನೋಡುತ್ತದೆ. ನಾನು ಎಂಜಿನ್ನಿನಿಂದ ಹಿಂದಿನ ಬಂಪರ್‌ವರೆಗೆ ಎಲ್ಲವನ್ನೂ ಒಂದು ನುಣುಪಾದ ಗಟ್ಟಿ ಪ್ಲಾಸ್ಟಿಕ್ ತಟ್ಟೆಯಿಂದ ಮುಚ್ಚಿದೆ. ಹೊಗೆ ಪೈಪು ಕೆಂಪಗೆ ಕಾಯುತ್ತದಲ್ಲ, ಅದನ್ನು ತಣಿಸಲು ತಟ್ಟೆಯಲ್ಲಿ ಅಂಗೈ ಅಗಲದ ಎರಡು ಬಾಯಿ ಬಿಟ್ಟೆ. ಮುಂದಿನಿಂದ ಗಾಳಿ ನುಗ್ಗಬೇಕು, ಪೈಪನ್ನು ಸವರಿಕೊಂಡು ಹಿಂದಿನಿಂದ ಹೊರಡಬೇಕು. ಜಗಳಕ್ಕೂ ಮೊದಲೇ ಶುರುವಾದ ಕೆಲಸ, ಒಟ್ಟು ನಾಲ್ಕು ವರ್ಷ ಹಿಡಿಯಿತು. ಗಂಟೆಗೆ ಇನ್ನೂರರ ಮೇಲೆ ಹೋದರೂ ಕಾರು ರಸ್ತೆಗೆ ಅಂಟಿಕೊಂಡೇ ಇರುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಎಂದು ನಂಬಿದ್ದೆ.

ಕೊನೆಯ ಪರೀಕ್ಷೆಗೆ ಕಾರನ್ನು ಕೊಳ್ಳೇಗಾಲಕ್ಕೆ ತಂದರು. ಹದಿನೈದು ದಿನ. ಅದರಲ್ಲಿ ಪಾಸಾದರೆ ನನ್ನ ನೆಲ ಫ್ಯಾಕ್ಟರಿಗೆ ಹೋಗುತ್ತದೆ, ಇಲ್ಲದಿದ್ದರೆ ಹಳೆಯ ಬಯಲು ನೆಲವನ್ನೇ ಹಾಕಿ ಕಾರನ್ನು ಎಂಟು ಮಿಲಿಮೀಟರ್ ಎತ್ತುತ್ತಾರೆ. ಕೊಳ್ಳೇಗಾಲ ಯಾಕೆಂದರೆ ಅಲ್ಲಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಒಂದು ರಸ್ತೆಗೆ ಬರಬಹುದಾದ ರೋಗವೆಲ್ಲ ಸಿಗುತ್ತದೆ. ಮೀಟಿಂಗಿನಲ್ಲಿ ಇದನ್ನು ಹೇಳಿ ಎಲ್ಲರೂ ನಕ್ಕಾಗ ನನಗೆ ಸಿಟ್ಟು ಬಂದಿತ್ತು. ನನ್ನ ಊರು ಪಕ್ಕದ ಯಳಂದೂರು ತಾಲ್ಲೂಕಿನ ಹೊನ್ನೂರು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ, ಕಾರ್ತಿಕದಲ್ಲಿ, ನಮ್ಮ ಅವ್ವ ತೀರಿಕೊಂಡಿದ್ದಳು. ಹೆಗಲು ಕೊಟ್ಟೆ, ತಲೆ ಬೋಳಿಸಿಕೊಂಡೆ, ತಿಥಿ ಊಟಕ್ಕೆ ಎಷ್ಟು ಎಲೆ ಬೇಕೆಂದು ಲೆಕ್ಕ ಹಾಕಿದೆ. ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮರಗಟ್ಟಿರುತ್ತದಲ್ಲ, ಮೈಯೆಲ್ಲ ಹಾಗೆ ಇತ್ತು. ಕೆಲಸಕ್ಕೆ ವಾಪಸ್ ಹೋದಾಗ ಯಾರೋ ಕೈ ಹಿಡಿದು ಏನೋ ಅಂದರು. ಥ್ಯಾಂಕ್ಸ್ ಅಂದೆ.

ಅವ್ವನಿಗೆ ಕಾರು ತೋರಿಸಿದ್ದು ಅವಳು ಹಾಸಿಗೆ ಹಿಡಿಯುವ ಮೊದಲು. ಫೋನಿನಲ್ಲಿ ಫೋಟೋ ತೆಗೆದು ಕೊಟ್ಟರೆ ಅವಳು ಫೋನನ್ನೇ ಓರೆ ಮಾಡಿ ಕೆಳಗೆ ಇಣುಕಿದಳು, ಫೋಟೋದಲ್ಲಿ ಕೆಳಗೆ ಕಾಣುತ್ತದೆ ಅನ್ನುವ ಹಾಗೆ.

"ನೀ ಮಾಡಿರದು ಯಾವುದ್ಲಾ?"

"ಕೆಳಗಿನ ತಟ್ಟೆ ಕಣವ್ವ."

"ಇಷ್ಟೊಂದು ತಗ್ಗಾಗದಲ್ಲ. ಉಳ್ಳಿ ಮ್ಯಾಲ ಓದ್ರ ಒಟ್ಟಗ ಸಿಕ್ಕಾಕಳಲ್ವಾ?"

ಹುರುಳಿಯನ್ನು ನಮ್ಮ ಕಡೆ ಉಳ್ಳಿ ಅನ್ನುತ್ತಾರೆ. ಕಡ್ಡಿ ಕಾರಿನ ಹೊಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲವೇ ಎಂದು ಅವಳ ಪ್ರಶ್ನೆ. ನಮ್ಮದು ಭತ್ತ, ಕಬ್ಬಿನ ಊರಾದರೂ ಕಾಲುವೆಯ ಮೇಲ್ಗಡೆ ನಮಗೊಂದು ತುಂಡು ಒಣ ಹೊಲವಿತ್ತು. ಅಲ್ಲಿ ಅವ್ವ ಹುರುಳಿ ಹಾಕುತ್ತಿದ್ದಳು. ಕಿತ್ತು ಒಣಗಿಸಿದ ಗಿಡವನ್ನು ಟಾರ್ ರಸ್ತೆಯ ಮೇಲೆ ಹರಡಿ, ಕೋಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಬಸ್ಸು, ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆಗೆ ಗುಡಿಸಿ ತೂರಿಕೊಂಡರಾಯಿತು. ಕಣ ಮಾಡುವ ಖರ್ಚಿಲ್ಲ, ಒಕ್ಕಣೆಯ ಕಲ್ಲುಗುಂಡು ಎಳೆಯಲು ಎತ್ತು ಬೇಕಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೇ.

"ಈ ಕಾರ್ ತಕ್ಕಳೋರು ಉಳ್ಳಿ ಮ್ಯಾಲ ಓಡ್ಸಲ್ಲ ಕಣವ್ವ" ಎಂದು ನಕ್ಕೆ. ಅವಳೂ ನಕ್ಕು ಫೋನು ಕೊಟ್ಟಳು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನೆಲದ ಕೆಲಸ ಶುರುವಾದಾಗ ಒಂದು ಪಟ್ಟಿ ಮಾಡುತ್ತಾರೆ, ಕಾರಿನ ಕೆಳಗೆ ಏನೇನು ನುಗ್ಗಬಹುದು ಎಂದು. ಬರೆದವನು ನಾನೇ. ಜಲ್ಲಿ, ಮರಳು, ಕೆಸರು, ಮಳೆ ನೀರು, ಪ್ಲಾಸ್ಟಿಕ್ ಚೀಲ, ಬೇರೆ ದೇಶದ ರಸ್ತೆಗೆ ಹಾಕುವ ಉಪ್ಪು, ಹಿಮ. ಹಿಮವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅದಕ್ಕೆ ಎರಡು ಪುಟ ಬರೆದೆ, ಒಣ ಹಿಮ ಬೇರೆ, ಒದ್ದೆ ಹಿಮ ಬೇರೆ ಎಂದು. ಹುರುಳಿ ಬರೆಯಲಿಲ್ಲ. ಮರೆತಿದ್ದೆ ಅಂದರೆ ಸುಳ್ಳು. ಪೆನ್ನಿನ ತುದಿಗೆ ಬಂದಿತ್ತು. ಆ ಎಸಿ ರೂಮಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಪರೀಕ್ಷೆ ಶುರುವಾದಾಗ ಪುಷ್ಯದ ಬಿಸಿಲು. ಕಾರಿನ ಮೈಗೆ ರೂಪ ಕಾಣದಂತೆ ಕಪ್ಪು ಬಿಳುಪು ಸುರುಳಿಗಳ ಹಾಳೆ ಅಂಟಿಸಿದ್ದರು. ಹನೂರಿನ ಟೀ ಅಂಗಡಿಯವರು ಅದನ್ನು ಪಟ್ಟೆಕುದುರೆ ಎಂದು ಕರೆಯುತ್ತಿದ್ದರು. ನನ್ನ ಜೊತೆ ಇದ್ದವನು ಕಂಪನಿಯ ಟೆಸ್ಟ್ ಡ್ರೈವರ್, ಚೆನ್ನೈ ಕಡೆಯವನು, ಮಾತು ಕಮ್ಮಿ. ಹನ್ನೊಂದನೆಯ ದಿನ ಅವನು ಬೆಟ್ಟದ ತಿರುವುಗಳನ್ನು ಎರಡು ಸಲ ಹತ್ತಿ ಇಳಿಸಿದ. ತಪ್ಪಲಿಗೆ ಬಂದಾಗ ಭುಜ ನೋಯುತ್ತಿದೆ ಅಂದ, ಸ್ಟೇರಿಂಗ್ ನಾನು ತೆಗೆದುಕೊಂಡೆ. ಪರದೆಯ ಮೇಲೆ ಹೊಗೆ ಪೈಪಿನ ಶಾಖ ಏರಿದ್ದು ಕಾಣುತ್ತಿತ್ತು. ನಿಧಾನಕ್ಕೆ ಹೋದರೆ ತಣಿಯುತ್ತದೆ ಅಂದುಕೊಂಡೆ.

ಕೌದಳ್ಳಿ ಹತ್ತಿರವಾಗುತ್ತಿದ್ದಂತೆ ರಸ್ತೆಯ ಅಗಲಕ್ಕೂ ಹುರುಳಿ ಗಿಡ ಹರಡಿತ್ತು. ಪಕ್ಕದಲ್ಲಿ ಕವೆಗೋಲು ಹಿಡಿದ ಒಬ್ಬ ವಯಸ್ಸಾದ ಹೆಂಗಸು. ಎಡಗಡೆ ಮಣ್ಣಿನ ದಾರಿ ಖಾಲಿ ಇತ್ತು.

"ಸೈಡ್‌ನಲ್ಲಿ ಹೋಗಿ ಸಾರ್" ಎಂದ ಡ್ರೈವರ್.

ನಮ್ಮ ಕಡೆಯವರು ಹಾಗೆ ಹೋಗುವುದಿಲ್ಲ. ಹರಡಿದ ಬೆಳೆಯನ್ನು ಬಳಸಿ ಹೋಗುವುದು ಎಲೆ ಹಾಕಿದ ಪಂಕ್ತಿಯಿಂದ ಎದ್ದು ಹೋದ ಹಾಗೆ. ಹಾರನ್ ಮಾಡಬಾರದು, ಬ್ರೇಕ್ ಹಾಕಿ ಗುಡ್ಡೆ ಚೆದುರಿಸಬಾರದು, ಒಂದೇ ಸಮನೆ ಮೆಲ್ಲಗೆ ಹೋಗಬೇಕು. ನಾನು ಮೆಲ್ಲಗೆ ಹೋದೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಆಕೆ ಕೈ ಬೀಸುತ್ತಿದ್ದಳು. ನಿಲ್ಲಿಸಿ ಗಾಜು ಇಳಿಸಿದೆ.

"ಇನ್ನೊಂದ್ಸಲ ಬಂದ್ಬುಡು ಮಗ. ಬಸ್ಸು ಇನ್ನೂ ಒತ್ತಾಯ್ತದ."

ರಿವರ್ಸ್ ಹಾಕಿ ಬಂದೆ. ಮತ್ತೆ ಮುಂದಕ್ಕೆ ಹೋದೆ. ಅವಳು ಗಿಡ ಮಗುಚಿ ಹಾಕಿದಳು, ಇನ್ನೊಂದು ಸಲ ಹಿಂದಕ್ಕೆ ಬಂದು ಮುಂದಕ್ಕೆ ಹೋದೆ. ಒಟ್ಟು ಐದು ಸಲ. ಡ್ರೈವರ್ ನನ್ನ ಮುಖ ನೋಡಿದ. ತಿಂಗಳುಗಳಿಂದ ನನಗೆ ಏನೂ ಅನ್ನಿಸಿರಲಿಲ್ಲ. ಆ ಐದು ಸಲವೂ ಏನೂ ಅನ್ನಿಸಲಿಲ್ಲ. ಕೈಕಾಲು ತಮಗೆ ಗೊತ್ತಿದ್ದ ಕೆಲಸ ಮಾಡಿದವು, ಅಷ್ಟೇ.

ಅರ್ಧ ಕಿಲೋಮೀಟರ್ ಹೋಗಿರಬಹುದು. ಹುರುಳಿ ಹುರಿದ ವಾಸನೆ ಬಂತು. ಬೇರೆ ಯಾವ ಊರಿನ ಎಂಜಿನಿಯರ್ ಆಗಿದ್ದರೂ ಆ ಕ್ಷಣವೇ ಕಾರು ನಿಲ್ಲಿಸುತ್ತಿದ್ದ. ನಾನು ಯಾರದೋ ಮನೆಯಲ್ಲಿ ಬಸ್ಸಾರಿಗೆ ಹುರುಳಿ ಹುರಿಯುತ್ತಿದ್ದಾರೆ ಅಂದುಕೊಂಡೆ. ಉಸಿರು ಎಳೆದುಕೊಂಡೆ ಕೂಡ. ಸುತ್ತ ಒಂದು ಮನೆಯೂ ಇಲ್ಲ ಎಂದು ಹೊಳೆಯುವಷ್ಟರಲ್ಲಿ ಡ್ರೈವರ್ ಹಿಂದಕ್ಕೆ ತಿರುಗಿ "ಸಾರ್, ಹೊಗೆ" ಅಂದ.

ಇಬ್ಬರೂ ಇಳಿದೆವು. ತಟ್ಟೆಯ ಎರಡು ಬಾಯಿಗಳಿಂದಲೂ ಹುರುಳಿ ಕಡ್ಡಿ ಹೊರಕ್ಕೆ ಇಣುಕುತ್ತಿತ್ತು. ಒಳಗೆ ಬೆಂಕಿ. ಇನ್ನೂರರ ವೇಗಕ್ಕೆ ಮಾಡಿದ ಬಾಯಿ, ಹತ್ತರ ವೇಗದಲ್ಲಿ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು. ಕಡ್ಡಿ ನುಗ್ಗಿ ಪೈಪಿಗೆ ಆತುಕೊಂಡು ಕೂತಿದೆ. ಡ್ರೈವರ್ ಬೆಂಕಿ ಆರಿಸುವ ಸಿಲಿಂಡರ್ ತಂದು ಹೊಡೆದ. ಆ ಹೆಂಗಸು ಮತ್ತು ಇನ್ನಿಬ್ಬರು ಓಡಿ ಬಂದು ಮಣ್ಣು ಎರಚಿದರು, ಯಾರೋ ಬೈಕಿನಲ್ಲಿ ಕೊಡ ನೀರು ತಂದರು. ಯಾರಿಗೂ ಏನೂ ಆಗಲಿಲ್ಲ. ನನ್ನ ನೆಲ ಕರಗಿ, ರಸ್ತೆಯ ಮೇಲೆ ಬೆಲ್ಲದ ಪಾಕದಂತೆ ಸುರಿದು ಗಟ್ಟಿಯಾಯಿತು. ನಾನು ನೋಡುತ್ತಾ ನಿಂತಿದ್ದೆ.

ಕಾರನ್ನು ಲಾರಿಗೆ ಏರಿಸಿ ಕಳಿಸಿದ ಮೇಲೆ ತಂಡದ ಮುಖ್ಯಸ್ಥರು ಫೋನ್ ಮಾಡಿದರು. ಕೆಟ್ಟ ಮನುಷ್ಯರೇನಲ್ಲ. ನನ್ನ ನೆಲ ಉಳಿಯಲಿ ಎಂದೇ ಅವರಿಗೂ ಇತ್ತು.

"ರಿಪೋರ್ಟಿನಲ್ಲಿ ಅಸಹಜ ಬಳಕೆ ಅಂತ ಒಂದು ಸಾಲು ಬರೀರಿ, ಸಾಕು. ಈ ಕಾರು ಕೊಳ್ಳೋ ಯಾರು ಹುಲ್ಲಿನ ಮೇಲೆ ಐದು ಸಲ ಓಡಿಸ್ತಾರೆ? ನೆಲದಲ್ಲಿ ತಪ್ಪಿಲ್ಲ."

ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಕೌದಳ್ಳಿಗೆ ಹೋದೆ. ಯಾಕೆ ಹೋದೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಆಕೆ ರಸ್ತೆ ಬದಿಯಲ್ಲಿ ಮೊರ ಹಿಡಿದು ಕಾಳು ತೂರುತ್ತಿದ್ದಳು. ನನ್ನ ಗುರುತು ಹಿಡಿದು ಮೊರ ಕೆಳಗಿಟ್ಟಳು.

"ಏನಾಯ್ತು ಮಗ ಕಾರು?"

"ಒಟ್ಟೆ ಸುಟ್ಟೋಯ್ತು ಕಣವ್ವ."

"ನಮ್ ಉಳ್ಳಿಯಿಂದ ಇಂಗಾಯ್ತಲ್ಲ." ಸೆರಗಿಗೆ ಅಂಟಿದ ಹೊಟ್ಟು ಕೊಡವಿದಳು. ಆಮೇಲೆ ಯಾರೋ ಗೊತ್ತಿಲ್ಲದವನ ಮೇಲೆ ಕರುಣೆ ಬಂದವಳಂತೆ, "ಅದ ಮಾಡ್ದೋನು ಉಳ್ಳಿ ಕಂಡಿಲ್ವೇನೋ, ಪಾಪ" ಅಂದಳು.

"ಮಾಡ್ದೋನು ನಾನೇ ಕಣವ್ವ."

"ನಿಂದ್ಯಾವೂರು?"

"ಹೊನ್ನೂರು."

"ಒನ್ನೂರೋನಾ" ಅಂದಳು. ಬೈಯಲಿಲ್ಲ. ಮೊರ ಎತ್ತಿಕೊಂಡು ಮತ್ತೆ ತೂರತೊಡಗಿದಳು. ಹೊಟ್ಟು ನನ್ನ ಕಡೆ ಹಾರಿ ಬಂತು, ನಾನು ಸರಿದು ನಿಂತೆ.

ಅವತ್ತು ಮಧ್ಯಾಹ್ನ ಕೊಳ್ಳೇಗಾಲದ ಲಾಡ್ಜಿನಲ್ಲಿ ಕೂತು ರಿಪೋರ್ಟ್ ಬರೆದೆ. ಈ ರಸ್ತೆಯಲ್ಲಿ, ಈ ತಿಂಗಳಲ್ಲಿ, ಇದು ಸಹಜ ಬಳಕೆ ಎಂದು ಬರೆದೆ. ಬೆಟ್ಟಕ್ಕೆ ಹೋಗುವ ಯಾವ ಕಾರಾದರೂ ಹುರುಳಿ ದಾಟಲೇಬೇಕು, ಐದು ಸಲ ಬೇಡ, ಶಾಖವಿದ್ದರೆ ಒಂದೇ ಸಲ ಸಾಕು, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ. ತಪ್ಪು ನೆಲದ್ದು. ಈ ನೆಲವನ್ನು ಕೈಬಿಡಬೇಕು.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಕೈಬಿಟ್ಟರು. ಕಾರು ಈಗ ಬಯಲು ನೆಲದ ಮೇಲೆ, ಎಂಟು ಮಿಲಿಮೀಟರ್ ಎತ್ತರವಾಗಿ ಓಡುತ್ತಿದೆ. ಡಿಸೈನರ್ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ನಿಜಕ್ಕೂ ಚಪ್ಪಲಿ ಹಾಕಿಕೊಂಡು ನಿಂತ ಹಾಗೇ ಕಾಣುತ್ತದೆ, ಅವನು ಹೇಳಿದ್ದು ಸುಳ್ಳಲ್ಲ. ಅಪಾಯಗಳ ಪಟ್ಟಿಯಲ್ಲಿ ಹಿಮದ ಕೆಳಗೆ ಹುರುಳಿ ಕಡ್ಡಿ ಎಂದು ಒಂದು ಸಾಲು ಸೇರಿದೆ.

ಲಾಡ್ಜಿನ ಆ ಮಧ್ಯಾಹ್ನಕ್ಕೆ ವಾಪಸ್ ಬರುತ್ತೇನೆ. ನಮ್ಮ ಬೆಂಕಿ ರಿಪೋರ್ಟಿಗೆ ಒಂದು ಕೊನೆಯ ಪುಟವಿದೆ, ಸಾಮಾನ್ಯವಾಗಿ ಎಲ್ಲರೂ ಅಲ್ಲಿ 'ಇಲ್ಲ' ಎಂದು ಒತ್ತಿ ಮುಗಿಸುತ್ತಾರೆ. ಈ ಅಪಾಯವನ್ನು ಮೊದಲೇ ಯಾರಾದರೂ ಗಮನಕ್ಕೆ ತಂದಿದ್ದರೇ? ನನ್ನ ಬೆರಳು 'ಇಲ್ಲ'ದ ಮೇಲೆಯೇ ಇತ್ತು. ಫೋನನ್ನು ಓರೆ ಮಾಡಿ ಇಣುಕಿದ ಆ ಮುಖ ನೆನಪಾಯಿತು. ಹೌದು ಎಂದು ಒತ್ತಿದೆ.

'ಹೌದು' ಅಂದರೆ ಇನ್ನೂ ಮೂರು ಖಾನೆ ತೆರೆದುಕೊಳ್ಳುತ್ತವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾರು? ನನ್ನ ಅವ್ವ ಎಂದು ಬರೆದೆ. ಹುದ್ದೆ? ಖಾಲಿ ಬಿಡಲು ಆಗುವುದಿಲ್ಲ, ಕೆಂಪು ಗೆರೆ ಬರುತ್ತದೆ. ಹೊಲದ ಕೆಲಸ ಎಂದು ತುಂಬಿದೆ. ಕೊನೆಯದು, ಆಗ ನೀವು ಕೈಗೊಂಡ ಕ್ರಮ.

ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಹನೂರು, ಹನೂರು ಎಂದು ಕಂಡಕ್ಟರ್ ಕೂಗುತ್ತಿದ್ದ. ಆಮೇಲೆ 'ನಕ್ಕೆ' ಎಂದು ಬರೆದೆ. ಆ ಎರಡು ಅಕ್ಷರ ಪರದೆಯ ಮೇಲೆ ಕಂಡಾಗ, ಕಾರ್ತಿಕದಿಂದ ಬಾರದಿದ್ದ ಅಳು ಬಂತು.