ಯಾರು ಹೇಳಿದ್ದು ಎಂದು ಕೇಳುತ್ತಿದ್ದ ಅಣ್ಣ

ನನ್ನ ಅಣ್ಣ ರುದ್ರಪ್ಪ ಯಾರು ಏನು ಹೇಳಿದರೂ ನಂಬುತ್ತಿರಲಿಲ್ಲ. ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ ಎಂದರೂ, "ಯಾರು ಹೇಳಿದ್ರು? ತಾಟು ಇಟ್ಟಿದ್ದು ನೀ ನೋಡಿಯೇನು?" ಎನ್ನುತ್ತಿದ್ದ. ಪತ್ರಿಕೆಯ ವಿದ್ಯೆ ಕಲಿಯಲು ಮೈಸೂರಿನ ಕಡೆ ಹೋದ ಮೇಲೆ ಅಂಟಿಕೊಂಡ ಚಟ ಇದು.

ಆಗ ಅರವತ್ತರ ದಶಕ. ಸವಣೂರಿನಲ್ಲಿ ನಮ್ಮದು ವೀಳ್ಯದೆಲೆ ಬಳ್ಳಿಯ ತೋಟ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಅವ್ವನ ಜೊತೆ ಎಲೆ ಕೊಯ್ದು ಕಟ್ಟು ಕಟ್ಟುತ್ತಿದ್ದೆ. ಅಣ್ಣ ವಿಶ್ವವಿದ್ಯಾಲಯಕ್ಕೆ ಹೋದನೆಂದು ಓಣಿಗೆಲ್ಲ ಹೆಮ್ಮೆ. ಅಲ್ಲಿ ಏನು ಓದುತ್ತಾನೆಂದು ಮಾತ್ರ ಯಾರಿಗೂ ತಿಳಿಯದು. "ಪೇಪರ್ ಓದಾಕ ಇಲ್ಲೇ ಚಾದಂಗಡಿ ಐತೆಲ್ಲೋ, ಅಷ್ಟು ದೂರ ಯಾಕ?" ಎಂದು ಪಕ್ಕದ ತೋಟದ ಹಸನಸಾಬ ಕಾಕಾ ಛೇಡಿಸುತ್ತಿದ್ದರು.

ಒಂದು ರಜೆಗೆ ಬಂದಾಗ ಅಲ್ಲಿಯ ಮಾಸ್ತರರು ಅವನಿಗೆ ಕೆಲಸ ಹಚ್ಚಿದ್ದರು. ತನ್ನೂರಿನ ಕಡೆಯ ಸುದ್ದಿಯೊಂದನ್ನು ಬರೆದು ತರಬೇಕು, ಹೇಳಿದವರ ಹೆಸರು ಸಮೇತ. ಅದಿಲ್ಲದೆ ಪಾಸಿಲ್ಲ, ಚಲೋ ಇದ್ದರೆ ಪತ್ರಿಕೆಯಲ್ಲೂ ಬರುತ್ತದೆ. ಆ ವರ್ಷ ಬಳ್ಳಿಗಳಿಗೆ ಬುಡ ಕೊಳೆಯುವ ರೋಗ ಬಿದ್ದಿತ್ತು. ಇದಕ್ಕಿಂತ ದೊಡ್ಡ ಸುದ್ದಿ ಯಾವುದೆಂದು ಅಣ್ಣ ತೋಟ ತೋಟ ತಿರುಗಿದ.

"ಎಲ್ಲಾ ಹೇಳತೇನಿ, ಹೆಸರು ಮಾತ್ರ ಬ್ಯಾಡಪಾ" ಎಂದರು ಹಸನಸಾಬ ಕಾಕಾ. "ನನ್ನ ತ್ವಾಟಕ್ಕ ರೋಗ ಐತಿ ಅಂತ ಅಚ್ಚಾತಂದ್ರ, ಹುಬ್ಬಳ್ಳಿ ವ್ಯಾಪಾರಿ ನನ್ನ ಚಲೋ ಎಲಿನೂ ಮುಟ್ಟಂಗಿಲ್ಲ."

ಎಲ್ಲರದೂ ಅದೇ ಮಾತು. ಸೋತು ಬಂದು ಪಡಸಾಲೆಯಲ್ಲಿ ಕುಳಿತವನಿಗೆ ನಾನು ಹೇಳಿದೆ: "ಮುಂಜಾನೆ ಹಸರ ಇದ್ದ ಬಳ್ಳಿ ಸಂಜಿಗೆ ಜೋತುಬಿತ್ತು. ಅವ್ವ ಅದರ ಮುಂದ, ಹೆಣದ ಮುಂದ ಕುಂತಂಗ ಕುಂತಿದ್ಲು."

ಅವನು ಎದ್ದೇಬಿಟ್ಟ. "ಇದನ್ನ ಬರಿತೇನಿ. ನಿನ್ನ ಹೆಸರಿಲೇ ಬರಿತೇನಿ."

ಅಪ್ಪ ಒಳಗಿನಿಂದ ಬಂದ. "ಹಾನಗಲ್ಲದವರು ಹೆಣ್ಣು ನೋಡಾಕ ಬರಾವರದಾರ. ಮದಿವಿ ಆಗದ ಹುಡುಗಿ ಹೆಸರು ಚಾದಂಗಡ್ಯಾಗ ಓದಸ್ತೀಯೇನು?"

"ಆಕಿ ಹೇಳಿದ್ದು ಖರೆ ಐತೆಪ್ಪಾ."

"ಖರೆ ಐತಿ ಅಂತನ ಬ್ಯಾಡ ಅನ್ನಾಕತ್ತೇನಿ."

ಅಣ್ಣ 'ಒಬ್ಬ ಹೆಣ್ಣುಮಗಳು ಹೇಳಿದಳು' ಎಂದು ಬರೆದುಕೊಂಡು ಹೋದ. ಮಾಸ್ತರರು ಒಪ್ಪಲಿಲ್ಲ. ಯಾರು ಈ ಹೆಣ್ಣುಮಗಳು, ಹೆಸರಿಲ್ಲದಿದ್ದರೆ ಇದು ಕಟ್ಟುಕಥೆ ಎಂದು ತಿರುಗಿಸಿ ಕಳಿಸಿದರು. ದೀಪಾವಳಿಗೆ ಬಂದವನು ಹಬ್ಬದೂಟವನ್ನೂ ಸರಿಯಾಗಿ ಮಾಡದೆ ಮತ್ತೆ ತೋಟ ತೋಟ ತಿರುಗಿದ. ಒಂದು ಸಂಜೆ ಮೆಟ್ಟು ಮೂಲೆಗೆ ಎಸೆದು, "ರೋಗ ಎಲ್ಲಾರ ತ್ವಾಟದಾಗೂ ಐತಿ, ಯಾರ ತ್ವಾಟದಾಗೂ ಇಲ್ಲ" ಎಂದ. ನನಗೆ ಅಪ್ಪನ ಮೇಲೆ ಕುದಿಯುತ್ತಿತ್ತು. ಹಾನಗಲ್ಲದವರಿಗೆ ಅವಲಕ್ಕಿ ಕೊಡುವಾಗಲೂ ಕುದಿಯುತ್ತಲೇ ಇತ್ತು.

ಕೊನೆಗೆ ಅವನು ಹಿರೇಕೆರೂರಿನಲ್ಲಿ ನಡೆದ ಯಾವುದೋ ಸತ್ಕಾರ ಸಮಾರಂಭದ ಸುದ್ದಿ ಬರೆದು ಪಾಸಾದ. "ಕುರ್ಚಿ ಮ್ಯಾಲೆ ಕುಂತವರು ಕೇಳದನ ಹೆಸರು ಕೊಟ್ರು" ಎಂದ. ಅವ್ವ ಸಕ್ಕರೆ ಹಂಚಲು ಹೊರಟರೆ ಡಬ್ಬಿ ಕಸಿದು ಗೋಡೆಯ ಮಾಡದಲ್ಲಿಟ್ಟ.

ಮುಂದೆ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ದುಡಿದು ಅಲ್ಲೇ ಮುದುಕನಾದ. ಹೋದ ವರ್ಷ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದ. ನನ್ನ ಮೊಮ್ಮಗಳು ಸುಮಾ ನಿನ್ನ ವಿದ್ಯೆಯನ್ನೇ ಕಲಿಯುತ್ತಾಳಂತೆ ಎಂದೆ. ಕಣ್ಣು ತೆರೆದ.

"ಯಾರು ಹೇಳಿದ್ರು?"

"ಆಕಿನ ಹೇಳ್ಯಾಳ."

"ಹಂಗಾರ ಆಕಿನ್ನ ಕಳಸು. ಆಕಿ ಬಾಯಿಲೇ ಕೇಳತೇನಿ."

ಅವಳು ಹೋಗುವಷ್ಟರಲ್ಲಿ ಅವನಿರಲಿಲ್ಲ.

ಮೊನ್ನೆ ಸುಮಾ ಹಳೆಯ ಎಲೆತೋಟಗಳ ಬಗ್ಗೆ ಬರೆಯಬೇಕೆಂದು ನನ್ನ ಮುಂದೆ ಕುಳಿತಳು. ಅಂದು ಅಣ್ಣನಿಗೆ ಹೇಳಿದ್ದ ಅದೇ ಮಾತು ನಾಲಿಗೆಗೆ ಬಂತು. "ಆಯಿ, ನಿನ್ನ ಹೆಸರು ಹಾಕಲೇನು?" ಎಂದಳು.

"ಹಾಕವಾ. ಊರ ಹೆಸರೂ ಹಾಕು."

ಈಗ ಅವರ ವಿಭಾಗದ ಪತ್ರಿಕೆಯಲ್ಲಿ ಬಂದಿದೆ. ಬಳ್ಳಿ ಜೋತುಬಿತ್ತು, ಅವ್ವ ಹೆಣದ ಮುಂದೆ ಕುಂತಂಗ ಕುಂತಿದ್ಲು, ಎಂದರು ಸವಣೂರಿನ ಗಂಗವ್ವ. ಹಾಲಿನವನಿಗೆ ತೋರಿಸಿದೆ, ಬಳೆಗಾರ್ತಿಗೆ ತೋರಿಸಿದೆ, ಬಸ್ಸಿನಲ್ಲಿ ಪಕ್ಕ ಕುಳಿತ ಗುರುತಿಲ್ಲದವಳಿಗೂ ತೋರಿಸಿದೆ. ಎಲ್ಲರೂ ಚಲೋ ಐತಿ ಎಂದರು. ಯಾರು ಹೇಳಿದ್ದು ಎಂದು ಒಬ್ಬರೂ ಕೇಳಲಿಲ್ಲ.