ಕ್ಯಾಪ್ ಇಳಿಸಿದ ದಿನ

ನಮ್ಮ ಜಿಲ್ಲೆಯ ನರ್ಸ್‌ಗಳ ಸಂಘದಲ್ಲಿ ಪದಾಧಿಕಾರಿಗಳು ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಬೇರೆ ಕಡೆ ಇದ್ದಂತೆಯೇ ಇರುತ್ತಿತ್ತು. ನಮ್ಮದೇ ಅನ್ನುವ ಪದ್ಧತಿ ಒಂದಿತ್ತು. ಸನ್ಮಾನದ ಕೊನೆಗೆ ಹೊಸ ಕಾರ್ಯದರ್ಶಿ ವೇದಿಕೆಗೆ ಬಂದು, ಹೊರಡುವವರ ತಲೆಯ ಮೇಲಿನ ಗಂಜಿ ಹಾಕಿದ ಬಿಳಿ ಕ್ಯಾಪಿನ ಪಿನ್ನು ತೆಗೆದು, ಕ್ಯಾಪ್ ಇಳಿಸಿ ಅವರ ಕೈಗೆ ಕೊಡಬೇಕು. ಆ ಜಾಗಕ್ಕೆ ಮಲ್ಲಿಗೆ ದಂಡೆ ಮುಡಿಸಬೇಕು. ಡ್ಯೂಟಿಯಲ್ಲಿ ಹೂ ಮುಡಿಯುವಂತಿರಲಿಲ್ಲವಲ್ಲ, ಇನ್ನು ಮುಡಿದುಕೋ ತಾಯಿ ಅಂತ ಅದರ ಅರ್ಥ. ಭಾಷಣದುದ್ದಕ್ಕೂ ಆಕಳಿಸಿದವರೂ ಆ ಹೊತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಅಧ್ಯಕ್ಷೆಯ ಸರದಿ ಬಂತು. ಅವರು ಹೊಳೆನರಸೀಪುರದ ಕಡೆಯ ಒಕ್ಕಲು ಮನೆತನದವರು, ಮದುವೆಯಾಗಿರಲಿಲ್ಲ, ಬಾಯಿ ಜೋರು. ನಾನು ಅರಕಲಗೂಡಿನ ಅರ್ಚಕರ ಮನೆಯ ಹುಡುಗಿ. ಹಾಸನದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುದುಕನೊಬ್ಬನ ಬೆನ್ನಿನ ಹುಣ್ಣು ತೊಳೆಯುವಾಗ ಹೊಟ್ಟೆ ತೊಳಸಿ ಬಾಗಿಲಿಗೆ ಓಡಿದ್ದೆ. ಆ ವಾರ್ಡಿನ ಹಿರಿಯ ಸಿಸ್ಟರಾಗಿದ್ದ ಇವರು ಹಿಂದೆಯೇ ಬಂದು, "ವಾಂತಿ ಮಾಡ್ಕಂಡು ಬಾ ಮೊದ್ಲು. ಆಮೇಲೆ ಹುಣ್ಣನ್ನೂ ನೀನೇ ತೊಳೀವಂತೆ, ವಾಂತೀನೂ ನೀನೇ ತೊಳೀವಂತೆ," ಅಂದರು. ನನಗೆ ಮೈಯೆಲ್ಲ ಉರಿಯಿತು. ಅಂದು ಶುರುವಾದ ನಮ್ಮ ಜಗಳ ನಿಲ್ಲಲೇ ಇಲ್ಲ, ಆ ಜಗಳದಲ್ಲೇ ಅವರು ನನಗೆ ಅಕ್ಕನಾದರು.

ನಮ್ಮ ಕಸುಬಿನಲ್ಲಿ ಒಂದು ಮುಖವಿದೆ. ಬದುಕುವ ರೋಗಿಯನ್ನು ನಾವು ಬೈಯುತ್ತೇವೆ. ಎದ್ದು ನಡಿ, ಗುಳಿಗೆ ನುಂಗು, ಹಟ ಮಾಡಬೇಡ ಅನ್ನುತ್ತೇವೆ. ಬದುಕದವನ ಮುಂದೆ ಮಾತ್ರ ನಮ್ಮ ದನಿ ಸಣ್ಣದಾಗುತ್ತದೆ, ಮುಖದಲ್ಲಿ ನಗು ಬಂದು ಕೂರುತ್ತದೆ, ಅವನು ಏನಂದರೂ ಹೂಂಗುಟ್ಟುತ್ತೇವೆ. ಬೈಗುಳ ನಿಂತ ದಿನ ಎಷ್ಟೋ ರೋಗಿಗಳಿಗೆ ಗೊತ್ತಾಗಿಬಿಡುತ್ತಿತ್ತು. ಆ ಮುಖ ಹಾಕಿಕೊಳ್ಳುವುದನ್ನು ನಮಗೆಲ್ಲ ಕಲಿಸಿದವರೂ ಅಕ್ಕನೇ.

ನಿವೃತ್ತಿಯ ವರ್ಷ ಅವರು ತಂಗಿಯ ಮಗಳ ಬಾಣಂತನ ಅಂತ ರಜೆ ಹಾಕಿ ಬೆಂಗಳೂರಿಗೆ ಹೋದರು. ತಿರುಗಿ ಬಂದಾಗ ಮೈ ಇಳಿದಿತ್ತು, ತಲೆಗೂದಲು ಮಾತ್ರ ಹಿಂದೆಂದಿಗಿಂತ ಕಪ್ಪಗೆ ದಟ್ಟವಾಗಿತ್ತು. "ಬೆಂಗ್ಳೂರ್ ನೀರಿಗೆ ಮೇಡಂಗೆ ವಯಸ್ಸೇ ಇಳ್ದೋಗದೆ," ಅಂತ ಹುಡುಗಿಯರು ರೇಗಿಸಿದರು. ನಾನು ಬಿಡಲಿಲ್ಲ. ಡ್ಯೂಟಿ ರೂಮಿಗೆ ಅವರ ಹಿಂದೆಯೇ ಹೋಗಿ, ಬಾಣಂತನ ಮಾಡಿದವರು ಬಾಣಂತಿಗಿಂತ ಸೊರಗುವುದು ಯಾವ ಊರಲ್ಲಿ ಅಂತ ಕೇಳಿದೆ. ಅವರು ಅಗುಳಿ ಹಾಕಿ, ಕೂದಲನ್ನು ಕೈಯಲ್ಲಿ ತೆಗೆದು ಮೇಜಿನ ಮೇಲಿಟ್ಟರು. ವಿಗ್. ನೆತ್ತಿ ಬೋಳಾಗಿತ್ತು.

"ಎದೇಲಿ ಗಂಟಿತ್ತು. ಈಗ ಲಿವರ್‌ಗೂ ಹಬ್ಕಂಡದೆ," ಅಂದರು. "ಸಾಯದ್ಕೆ ಹೆದ್ರಲ್ಲ ಕಣೇ. ವಾರ್ಡಲ್ಲಿ ಹಾಕ್ಕತೀರಲ್ಲ ಆ ಮುಖ, ಅದ್ನ ನನ್ ಮುಂದೆ ಹಾಕ್ಕಂಡು ಬಂದ್ರೆ ತಡ್ಕಳಕ್ಕಾಗಲ್ಲ. ಸಿಸ್ಟರಾಗಿ ಬಂದಿವ್ನಿ, ಸಿಸ್ಟರಾಗೇ ಮನೆಗೋಯ್ತೀನಿ. ಅಲ್ಲೀಗಂಟ ಬಾಯ್ ಬುಡ್ಬೇಡ."

ನಾನು ಮಾತು ಕೊಟ್ಟೆ. ಆಮೇಲೆ ಕ್ಯಾಪ್ ಇಳಿಸುವ ಪದ್ಧತಿ ನೆನಪಾಯಿತು.

ಹೊಸ ಕಾರ್ಯದರ್ಶಿ ಚನ್ನರಾಯಪಟ್ಟಣದವಳು, ಬಲು ಶಿಸ್ತಿನ ಹೆಂಗಸು. ಈ ಸಲ ಕ್ಯಾಪ್ ಇಳಿಸುವುದು ಬೇಡಮ್ಮ, ಶಾಲು ಹೊದಿಸಿದರೆ ಸಾಕು ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ರಿಗೂ ಮಾಡಿ ನಮ್ ಮೇಡಂಗೇ ಬಿಡದಾ? ನಿಮ್ಮಿಬ್ರ ಜಗಳಾನ ಸ್ಟೇಜಿಗೆ ತರ್ಬೇಡಿ ಅಕ್ಕ," ಅಂದಳು. ನನಗದು ಬಾಯೊಳಗಿನ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕನಿಗೆ ಹೇಳಿದರೆ ಅವರು ನಕ್ಕುಬಿಟ್ಟರು. "ಪ್ಲಾಸ್ಟರ್ ಯಾತಕ್ಕದೆ? ಅಂಟ್ಸು," ಅಂದರು.

ಸಮಾರಂಭದ ಬೆಳಿಗ್ಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಲ್ಲೇ ವಿಗ್ಗನ್ನು ಅವರ ನೆತ್ತಿಗೆ ಅಂಟಿಸಿದೆ. ಮೇಲೆ ಕ್ಯಾಪಿಗೆ ಸಡಿಲವಾಗಿ ಪಿನ್ನು ಸಿಕ್ಕಿಸಿದೆ. ಎಳೆದು ನೋಡಿದೆವು, ಗಟ್ಟಿಯಾಗಿತ್ತು. ಇಬ್ಬರೂ ಜೀವಮಾನವೆಲ್ಲ ಪ್ಲಾಸ್ಟರ್ ಹಚ್ಚಿದವರು, ಬೆವರಿಗೆ ಅದು ನಿಲ್ಲುವುದಿಲ್ಲ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಹಾಸನದ ಆ ಬಾಡಿಗೆ ಸಭಾಂಗಣದಲ್ಲಿ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು. ಜೊತೆಯಲ್ಲೇ ನಿವೃತ್ತರಾಗುತ್ತಿದ್ದ ಉಪಾಧ್ಯಕ್ಷೆಗೆ ಮೊದಲು ಸನ್ಮಾನ. ಆಕೆ ಮೈಕ್ ಹಿಡಿದು ಮನೆದೇವರಿಂದ ಹಿಡಿದು ಮೊಮ್ಮಗುವಿನ ಹಲ್ಲಿನವರೆಗೆ ಎಲ್ಲರನ್ನೂ ನೆನೆದರು. ಅತಿಥಿಯಾಗಿ ಬಂದ ಅಧಿಕಾರಿ ನಮ್ಮನ್ನೆಲ್ಲ ಕರುಣಾಮಯಿ ತಾಯಂದಿರು ಅಂತ ಕರೆದು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಹೋದರು. ಅಕ್ಕನ ಕಿವಿಯ ಪಕ್ಕದಲ್ಲಿ ಬೆವರು ಇಳಿಯುವುದು ಮುಂದಿನ ಸಾಲಿನಲ್ಲಿ ಕೂತ ನನಗೆ ಕಾಣುತ್ತಿತ್ತು. ಎದ್ದು ಹೋಗಿ ಒರೆಸಲೇ ಅಂದುಕೊಳ್ಳುವಷ್ಟರಲ್ಲಿ ಕಾರ್ಯದರ್ಶಿ ಮಲ್ಲಿಗೆ ದಂಡೆ ಹಿಡಿದು ಬಂದಳು.

ಪಿನ್ನು ಕೂದಲಿಗೆ ಸಿಕ್ಕಿಕೊಂಡಿತ್ತು, ಅವಳು ಎಳೆದು ಕ್ಯಾಪ್ ಎತ್ತಿದಳು. ಕ್ಯಾಪಿನ ಜೊತೆ ಕೂದಲೂ ಬಂತು.

ಯಾರೂ ಕಿರುಚಲಿಲ್ಲ. ಬೇರೆ ಯಾವ ಸಭೆಯಾಗಿದ್ದರೂ ಗದ್ದಲವಾಗುತ್ತಿತ್ತು. ಇಲ್ಲಿ ಕೂತವರೆಲ್ಲ ನರ್ಸ್‌ಗಳು, ಆ ನೆತ್ತಿ ನೋಡಿದ ಮೇಲೆ ಯಾರಿಗೂ ಏನೂ ಕೇಳಬೇಕಾಗಿರಲಿಲ್ಲ. ಇಡೀ ಸಭೆ ಒಟ್ಟಿಗೇ ಆ ಮುಖ ಹಾಕಿಕೊಂಡಿತು. "ಏನಾಗಿಲ್ಲ ಮೇಡಂ, ಏನಾಗಿಲ್ಲ. ಒರಗ್ಕಳಿ. ಒಂದ್ ಗುಟುಕು ನೀರ್ ಕುಡೀತೀರಾ?" ಅಂದಳು ಕಾರ್ಯದರ್ಶಿ, ಸಣ್ಣ ದನಿಯಲ್ಲಿ. ಉಪಾಧ್ಯಕ್ಷೆ ತಮಗೆ ಗೊತ್ತಿಲ್ಲದೆಯೇ ಅಕ್ಕನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಯಾರೋ ಶಾಲನ್ನು ತಲೆಯ ಮೇಲೆ ಎಳೆದರು. ಅಕ್ಕ ನನ್ನನ್ನೇ ನೋಡಿ, "ಮುಗೀತು ಬುಡು," ಅಂದರು. ಮೈಕ್ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಮಲ್ಲಿಗೆ ದಂಡೆ ಅವರ ಮಡಿಲಲ್ಲಿ ಬಿದ್ದಿತ್ತು.

ಆಮೇಲೆ ಹೊಳೆನರಸೀಪುರದ ಅವರ ತಂಗಿಯ ಮನೆಗೆ ನಮ್ಮವರು ಎಳನೀರು, ಮೂಸಂಬಿ ಹಿಡಿದು ಸಾಲಾಗಿ ಹೋದರು. ಎಲ್ಲರದೂ ಅದೇ ದನಿ, ಅದೇ ನಗು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರಂತೆ. ಕೊನೆಗೆ ನೋವು ತಡೆಯಲಾಗದೆ ಹಾಸನಕ್ಕೆ, ತಾವೇ ಆಳಿದ ವಾರ್ಡಿಗೇ ಬಂದು ಮಲಗಿದರು. ಗಂಜಿ ಬೇಡ ಅಂದರೆ ಹುಡುಗಿಯರು, "ಆಯ್ತು ಮೇಡಂ, ನಿಮ್ಮಿಷ್ಟ," ಅನ್ನುವರು. ಮಗ್ಗುಲು ಬದಲಾಯಿಸಲ್ಲ ಅಂದರೂ ಅದೇ ಮಾತು. ಅಕ್ಕ ಮಾತಾಡುವುದನ್ನೇ ಬಿಟ್ಟರು. ನನಗೆ ಮೊದಲು ಅಳು ಬಂತು. ಹೊರಗೆ ಹೋಗಿ ಅತ್ತೆ. ಅತ್ತು ಮುಗಿಯುವ ಹೊತ್ತಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಒಳಗೆ ಬಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. "ಏನ್ರೀ ಅಕ್ಕ, ಗಂಜಿ ಯಾಕೆ ಹಾಗೇ ಇದೆ? ಮಗ್ಗುಲು ತಿರುಗಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ? ಬೆನ್ನು ಹುಣ್ಣಾದ್ರೆ ಯಾರು ತೊಳೀಬೇಕು, ನಿಮ್ಮ ಸಂಘದವರು ಬರ್ತಾರಾ?"

ಅಕ್ಕ ಕಣ್ಣು ಬಿಟ್ಟರು.

"ನೀನೇ ತೊಳೀವಂತೆ," ಅಂದರು. "ವಾಂತಿ ಮಾಡ್ಕಂಡು ಬಾ ಮೊದ್ಲು."

ಅಂದಿನಿಂದ ಡ್ಯೂಟಿಗೆ ಬಂದ ಕೂಡಲೇ ಅವರನ್ನು ಬೈಯುವುದು ನನ್ನ ಕೆಲಸವಾಯಿತು. ಅವರೂ ಉಸಿರಿದ್ದಷ್ಟು ತಿರುಗಿ ಬೈದರು. ಉಸಿರು ಸಾಲದಾದಾಗ ಹುಬ್ಬು ಗಂಟಿಕ್ಕಿ ಮಗ್ಗುಲು ತಿರುಗುತ್ತಿದ್ದರು.

ಒಂದು ಬೆಳಿಗ್ಗೆ ನಾನು ಬರುವಾಗ ಅವರ ತಂಗಿ ಹೊರಗೆ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಮೈ ಒರೆಸಿ ಸಿದ್ಧ ಮಾಡಲು ಕಿರಿಯ ಸಿಸ್ಟರೊಬ್ಬಳು ಬಿಸಿನೀರು ತಂದಿದ್ದಳು. ಅವಳನ್ನು ಕಳಿಸಿ ಪರದೆ ಎಳೆದೆ. "ತಿರುಗಿ ಅಕ್ಕ, ಎಷ್ಟು ಸಲ ಹೇಳ್ಬೇಕು," ಅಂದೆ. ಅವರು ತಿರುಗಲಿಲ್ಲ. ನಾನೇ ತಿರುಗಿಸಿದೆ. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ.